ಕಾರು ಬದಲಾದಾಗ ವಿಮೆಯನ್ನು ನಷ್ಟವಿಲ್ಲದೆ ದಾಟಿಸುವುದು ಹೇಗೆ

ಕೈಯಲ್ಲಿ ಎಣಿಸಿದಷ್ಟೇ ಹಣ ಇರುವವರು ಆಸೆಗೆ ಬಿದ್ದು ಕಾರು ಬದಲಿಸುವುದು ಕಡಿಮೆ. ಹಳೆಯ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿರುತ್ತದೆ, ರಿಪೇರಿಯ ಅಂದಾಜು ಕಾರಿನ ಬೆಲೆಯನ್ನೇ ಮೀರಿರುತ್ತದೆ, ಇಲ್ಲವೇ ಅಪಘಾತದಲ್ಲಿ ಗಾಡಿ ನಜ್ಜುಗುಜ್ಜಾಗಿ ವಿಮಾ ಕಂಪನಿಯೇ ಅದನ್ನು ದುರಸ್ತಿಗೆ ಯೋಗ್ಯವಲ್ಲ ಎಂದು ಬರೆದುಬಿಟ್ಟಿರುತ್ತದೆ. ಇದ್ದಬದ್ದ ಹಣ ಒಟ್ಟುಮಾಡಿ ಇನ್ನೊಂದು ಕಾರು ಹುಡುಕುತ್ತಾರೆ. ಟೈರು ನೋಡುತ್ತಾರೆ, ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಬೆಲೆ ಚೌಕಾಸಿ ಮಾಡುತ್ತಾರೆ. ವಿಮೆಯ ನೆನಪಾಗುವುದು ಕೀಲಿ ಕೈಗೆ ಬಂದ ಮೇಲೆ. ಆ ಹೊತ್ತಿಗೆ ಹಣವೂ ಮುಗಿದಿರುತ್ತದೆ, ಬೇರೆ ದಾರಿ ಹುಡುಕುವ ಸಮಯವೂ ಉಳಿದಿರುವುದಿಲ್ಲ.

ಇಲ್ಲಿ ನಷ್ಟವಾಗುವುದು ಬಹುಪಾಲು ಕೆಲಸಗಳ ಕ್ರಮ ತಪ್ಪಿದ್ದರಿಂದ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಬಿಡಬೇಕು ಎಂದು ತಿಳಿದಿದ್ದರೆ ಅದೇ ಹಣದಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೆ ಮೊದಲು ಅರ್ಥವಾಗಬೇಕಾದ್ದು ಒಂದು ಪ್ರಶ್ನೆ: ವಿಮೆ ಅಂಟಿಕೊಂಡಿರುವುದು ಕಾರಿಗೋ, ನಮಗೋ?

ಕಾರಿಗೋ, ಮಾಲೀಕನಿಗೋ

ಎರಡಕ್ಕೂ ಹೌದು. ಗೊಂದಲ ಹುಟ್ಟುವುದೇ ಅಲ್ಲಿ. ಪಾಲಿಸಿ ಎನ್ನುವುದು ನಿರ್ದಿಷ್ಟ ವ್ಯಕ್ತಿಯೊಬ್ಬನಿಗೂ ಕಂಪನಿಗೂ ನಡುವಿನ ಕರಾರು. ಆದರೆ ಆ ಕರಾರು ನಿರ್ದಿಷ್ಟವಾದ ಒಂದು ವಾಹನದ ಬಗ್ಗೆ ಬರೆದದ್ದು. ಅದರ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಮಾದರಿ, ವಯಸ್ಸು, ಅದನ್ನು ಯಾರು ಓಡಿಸುತ್ತಾರೆ, ಯಾತಕ್ಕೆ ಓಡಿಸುತ್ತಾರೆ ಎಂಬುದನ್ನೆಲ್ಲ ತೂಗಿಯೇ ಕಂಪನಿ ಪ್ರೀಮಿಯಂ ನಿಗದಿ ಮಾಡಿರುತ್ತದೆ. ಹಾಗಾಗಿ 'ನನಗೆ ವಿಮೆ ಇದೆ' ಎನ್ನುವ ಮಾತು ಅರ್ಧ ಮಾತ್ರ ನಿಜ. ನಿಮಗೆ ಆ ಕಾರಿನ ಮಟ್ಟಿಗೆ ವಿಮೆ ಇದೆ. ಕಾರು ಕೈಬಿಟ್ಟುಹೋದರೆ ಕರಾರಿನ ಒಂದು ಕಾಲು ಮುರಿದಂತೆ.

ಪಾಲಿಸಿಯ ಒಳಗೂ ಎರಡು ಬೇರೆ ಬೇರೆ ಭಾಗಗಳಿವೆ. ಒಂದು, ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ. ಇನ್ನೊಂದು, ನಿಮ್ಮ ಸ್ವಂತ ಕಾರಿಗೆ ಆದ ಹಾನಿಯನ್ನು ತುಂಬಿಕೊಡುವ ಓನ್ ಡ್ಯಾಮೇಜ್ ವಿಮೆ. ಮೊದಲನೆಯದು ದಾರಿಹೋಕನ ರಕ್ಷಣೆಗೆ ಇರುವಂಥದ್ದು. ಅದಕ್ಕೇ ಕಾನೂನು ಅದನ್ನು ಕಡ್ಡಾಯ ಮಾಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ, ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯ ಮೂಲಕ ಇದನ್ನು ಕಡ್ಡಾಯ ಮಾಡಿದವು. ಇಂದು ಹೆಚ್ಚಿನ ದೇಶಗಳಲ್ಲಿ ಇದೇ ನಿಯಮ. ಎರಡನೆಯದು ನಿಮ್ಮ ಜೇಬಿನ ರಕ್ಷಣೆಗೆ. ಅದು ಬೇಕೋ ಬೇಡವೋ ಎಂಬುದು, ಕಾರಿನ ಮೇಲೆ ಸಾಲ ಇಲ್ಲದಿದ್ದರೆ, ನಿಮಗೇ ಬಿಟ್ಟದ್ದು.

ಕಾರು ಮಾರಿದಾಗ ಈ ಎರಡು ಭಾಗಗಳಿಗೆ ಏನಾಗುತ್ತದೆ ಎಂಬುದರಲ್ಲಿ ಒಂದೊಂದು ದೇಶದ್ದು ಒಂದೊಂದು ದಾರಿ. ಜರ್ಮನಿಯಲ್ಲಿ ಕಾರು ಮಾರಿದರೆ ಅದರ ವಿಮಾ ಕರಾರೂ ಕೊಂಡವನ ಕೈಗೆ ದಾಟುತ್ತದೆ. ಬೇಡವಾದರೆ ಅದನ್ನು ರದ್ದು ಮಾಡಲು ಅವನಿಗೆ ಒಂದು ತಿಂಗಳ ಅವಕಾಶವಿದೆ. ಫ್ರಾನ್ಸ್‌ನಲ್ಲಿ ಮಾರಾಟದ ಮರುದಿನ ಶುರುವಾಗುವ ನಡುರಾತ್ರಿಗೇ ಪಾಲಿಸಿ ತಾನಾಗಿ ಅಮಾನತಾಗುತ್ತದೆ. ಬ್ರಿಟನ್ನಿನಲ್ಲಿ ಪಾಲಿಸಿ ಕಾರಿನ ಜೊತೆ ಹೋಗುವುದೇ ಇಲ್ಲ. ಕೊಂಡವನು ತನ್ನದನ್ನು ತಾನೇ ಮಾಡಿಸಿಕೊಳ್ಳಬೇಕು. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 157ನೇ ಕಲಂ, ಪಾಲಿಸಿಯು ಹೊಸ ಮಾಲೀಕನ ಹೆಸರಿಗೆ ವರ್ಗವಾಯಿತೆಂದೇ ಭಾವಿಸಬೇಕು ಎನ್ನುತ್ತದೆ. ಆದರೆ ಈ ತಾನಾಗಿಯೇ ಆಗುವ ವರ್ಗಾವಣೆ ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ, ಓನ್ ಡ್ಯಾಮೇಜ್ ಭಾಗಕ್ಕೆ ಅಲ್ಲ ಎಂದು ಸುಪ್ರೀಂ ಕೋರ್ಟ್ 1996ರ ವರದಿಯಾದ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಲು ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ಬಳಸಿದ ಕಾರನ್ನು ಕೊಳ್ಳುವವರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. 'ಗಾಡಿಗೆ ಇನ್ನೂ ಎಂಟು ತಿಂಗಳು ವಿಮೆ ಇದೆ' ಎಂದು ಮಾರುವವನು ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ಎಂಟು ತಿಂಗಳು ನಿಮ್ಮದು ಎಂದು ಅರ್ಥವೂ ಅಲ್ಲ. ಹೆಸರು ಬದಲಾಗದ ಪಾಲಿಸಿಯ ಮೇಲೆ ನಿಮ್ಮ ಕಾರಿನ ಹಾನಿಗೆ ಕ್ಲೇಮ್ ಹಾಕಿದರೆ, ಕಾರು ನಿಮ್ಮದು, ಕರಾರು ಇನ್ನೊಬ್ಬರದು ಎಂಬ ಉತ್ತರ ಬರುತ್ತದೆ.

ಹಳೆಯ ಕಾರು ಹೋದ ಮೇಲೂ ಉಳಿಯುವ ಎರಡು ಆಸ್ತಿ

ಕಾರು ಬದಲಿಸುವವನ ಬಳಿ ವಿಮೆಯ ಮಟ್ಟಿಗೆ ಎರಡು ಬೆಲೆಬಾಳುವ ವಸ್ತುಗಳಿರುತ್ತವೆ. ಮೊದಲೇ ಕಟ್ಟಿ ಇನ್ನೂ ಬಳಸದ ಪ್ರೀಮಿಯಂ ಒಂದು. ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ದಾಖಲೆ ಇನ್ನೊಂದು. ಎರಡೂ ಕಣ್ಣಿಗೆ ಕಾಣುವುದಿಲ್ಲ, ಕೇಳದಿದ್ದರೆ ಯಾರೂ ತಂದುಕೊಡುವುದೂ ಇಲ್ಲ. ಕಷ್ಟದಲ್ಲಿರುವವರು ಇವನ್ನು ಹಾಗೇ ಬಿಟ್ಟುಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಅವರೇ ದುಡಿದು ಕಟ್ಟಿದ ಹಣ.

ಎರಡನೆಯದರಿಂದಲೇ ಶುರುಮಾಡೋಣ, ಏಕೆಂದರೆ ಅದರ ಬೆಲೆ ಹೆಚ್ಚು. ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ, ಹೆಸರಿನಲ್ಲಿ ಬೋನಸ್ ಆದರೂ ಕೈಗೆ ಬರುವ ಹಣವಲ್ಲ. ಮುಂದಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಸೇರಿರುವುದು ಕಾರಿಗಲ್ಲ, ಅದನ್ನು ಜೋಪಾನವಾಗಿ ಓಡಿಸಿದ ಮಾಲೀಕನಿಗೆ. ಭಾರತದಲ್ಲಿ ಇದು ಮೊದಲ ಕ್ಲೇಮ್ ರಹಿತ ವರ್ಷಕ್ಕೆ ಶೇ. 20ರಿಂದ ಶುರುವಾಗಿ 25, 35, 45 ಎಂದು ಏರುತ್ತ ಐದು ವರ್ಷಕ್ಕೆ ಶೇ. 50ಕ್ಕೆ ಮುಟ್ಟುತ್ತದೆ. ಅದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ ಅನ್ವಯ. ಫ್ರಾನ್ಸ್‌ನ ಲೆಕ್ಕ ಬೇರೆ ರೀತಿಯದು. ಎಲ್ಲರೂ 1.00 ಎಂಬ ಗುಣಕದಿಂದ ಆರಂಭಿಸುತ್ತಾರೆ. ಕ್ಲೇಮ್ ಇಲ್ಲದ ಪ್ರತಿ ವರ್ಷ ಅದು ಶೇ. 5ರಷ್ಟು ಇಳಿಯುತ್ತ ಹದಿಮೂರು ವರ್ಷಕ್ಕೆ 0.50 ಆಗುತ್ತದೆ. ತಪ್ಪು ನಿಮ್ಮದೇ ಆದ ಒಂದು ಅಪಘಾತವಾದರೆ 1.25ರಿಂದ ಗುಣಿಸಲ್ಪಟ್ಟು ಮೇಲಕ್ಕೆ ಹಾರುತ್ತದೆ. ಜಪಾನಿನಲ್ಲಿ 1ರಿಂದ 20ರವರೆಗೆ ಶ್ರೇಣಿಗಳಿವೆ. ಹೊಸಬರು ಆರನೆಯ ಶ್ರೇಣಿಯಲ್ಲಿ ಕಾಲಿಡುತ್ತಾರೆ, ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತಾರೆ, ಸಾಮಾನ್ಯವಾಗಿ ಒಂದು ಅಪಘಾತದ ಕ್ಲೇಮಿಗೆ ಮೂರು ಮೆಟ್ಟಿಲು ಇಳಿಯುತ್ತಾರೆ.

ವಿಧಾನ ಯಾವುದೇ ಇರಲಿ, ಕಾರು ಬದಲಿಸುವವನು ಕೇಳಬೇಕಾದ ಪ್ರಶ್ನೆ ಒಂದೇ: ಈ ದಾಖಲೆ ಎಷ್ಟು ಕಾಲ ಜೀವಂತವಾಗಿರುತ್ತದೆ? ಹಳೆಯ ಕಾರು ಮಾರಿ ಹೊಸದನ್ನು ಕೊಳ್ಳಲು ಹಣ ಹೊಂದಿಸುವಷ್ಟರಲ್ಲಿ ಆರು ತಿಂಗಳೋ ಒಂದು ವರ್ಷವೋ ಕಳೆದುಹೋಗಬಹುದು. ಭಾರತದಲ್ಲಿ ಕಾರು ಮಾರಿದಾಗ ಕಂಪನಿಯಿಂದ ಎನ್‌ಸಿಬಿ ಪ್ರಮಾಣಪತ್ರ ಪಡೆದುಕೊಂಡರೆ ಅದು ಮೂರು ವರ್ಷ ಊರ್ಜಿತ. ಮಾರದೆ ಸುಮ್ಮನೆ ಪಾಲಿಸಿ ಮುಗಿಯಲು ಬಿಟ್ಟರೆ 90 ದಿನದೊಳಗೆ ನವೀಕರಿಸದಿದ್ದಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಬ್ರಿಟನ್ನಿನ ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷ ಹಳೆಯ ದಾಖಲೆಯವರೆಗೆ ಒಪ್ಪುತ್ತವೆ. ಜಪಾನಿನಲ್ಲಿ ವಿಮೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ ಪ್ರಮಾಣಪತ್ರ ತೆಗೆದುಕೊಂಡರೆ ಹತ್ತು ವರ್ಷದವರೆಗೂ ಶ್ರೇಣಿ ಕಾಯ್ದಿರುತ್ತದೆ.

ಗಮನಿಸಿ, ಎಲ್ಲ ಕಡೆಯೂ ಒಂದು ಕಾಗದ ಬೇಕು. ಆ ಕಾಗದಕ್ಕೆ ಬಹುಮಟ್ಟಿಗೆ ಹಣ ಕೊಡಬೇಕಿಲ್ಲ, ಒಂದು ಅರ್ಜಿ ಸಾಕು. ಕಾರು ಮಾರುವ ಗಡಿಬಿಡಿಯಲ್ಲಿ ಅದನ್ನು ಕೇಳದೆ ಬಿಟ್ಟವರು ಹೊಸ ಕಾರಿಗೆ ಹೊಸಬರ ದರ ಕಟ್ಟಬೇಕಾಗುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಪಾಲಿಸಿಯ ಜೊತೆಗೆ ಬೋನಸ್ಸೂ ಕೊಂಡವನಿಗೆ ಹೋಗುತ್ತದೆ ಎಂದು ಮಾರುವವನೂ ಕೊಳ್ಳುವವನೂ ನಂಬಿರುತ್ತಾರೆ. ಹೋಗುವುದಿಲ್ಲ. ಬೇರೊಬ್ಬರು ಗಳಿಸಿದ ರಿಯಾಯಿತಿಯಲ್ಲಿ ಪಾಲಿಸಿ ನಡೆಸುವುದು ತಪ್ಪು ಮಾಹಿತಿ ಕೊಟ್ಟಂತೆ, ಮತ್ತು ಕ್ಲೇಮ್ ಹಾಕಿದ ದಿನವೇ ಅದು ಹೊರಬೀಳುತ್ತದೆ.

ಪಾಲಿಸಿಯಲ್ಲಿ ಕಾರು ಬದಲಿಸಬೇಕೋ, ಹೊಸ ಪಾಲಿಸಿ ಮಾಡಿಸಬೇಕೋ

ಈಗ ಬಳಸದ ಪ್ರೀಮಿಯಂನ ವಿಷಯ. ಇದನ್ನು ಉಳಿಸಿಕೊಳ್ಳಲು ಎರಡು ದಾರಿ. ಇರುವ ಪಾಲಿಸಿಯಲ್ಲೇ ಹಳೆಯ ಕಾರನ್ನು ತೆಗೆದು ಹೊಸದನ್ನು ಸೇರಿಸುವುದು ಒಂದು. ಪಾಲಿಸಿಗೆ ಹೀಗೆ ಮಾಡುವ ತಿದ್ದುಪಡಿಯನ್ನು ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಹಳೆಯ ಪಾಲಿಸಿ ರದ್ದುಮಾಡಿ, ಉಳಿದ ಹಣ ವಾಪಸು ಪಡೆದು, ಹೊಸ ಪಾಲಿಸಿ ಕೊಳ್ಳುವುದು ಇನ್ನೊಂದು.

ಒಂದು ಲೆಕ್ಕ ಮಾಡೋಣ. ಹಣವನ್ನು ಬರೀ ಅಂಕಿಯಾಗಿ ಇಟ್ಟುಕೊಳ್ಳಿ. ಹಳೆಯ ಕಾರಿನ ವಾರ್ಷಿಕ ಪ್ರೀಮಿಯಂ 1,200. ಏಳು ತಿಂಗಳು ಕಳೆದಿದೆ, ಐದು ತಿಂಗಳು ಬಾಕಿ. ಅಂದರೆ ನಿಮ್ಮ 500 ಕಂಪನಿಯ ಬಳಿ ಇದೆ. ಬದಲಿ ಕಾರಿಗೆ ವರ್ಷಕ್ಕೆ 1,500 ಆಗುತ್ತದೆ ಎಂದುಕೊಳ್ಳಿ. ಐದು ತಿಂಗಳಿಗೆ 625. ಎಂಡಾರ್ಸ್‌ಮೆಂಟ್ ಮಾಡಿಸಿದರೆ ನೀವು ಕೈಯಿಂದ ಹಾಕಬೇಕಾದ್ದು 125, ಜೊತೆಗೆ ಕಂಪನಿಯ ಶುಲ್ಕ. ಹೊಸ ಪಾಲಿಸಿ ಮಾಡಿಸಿದರೆ ಈಗಲೇ 1,500 ಕಟ್ಟಬೇಕು, ಹಳೆಯ 500 ಯಾವಾಗಲೋ ವಾಪಸು ಬರುತ್ತದೆ. ಅದೂ ಪೂರ್ತಿ ಬರುತ್ತದೆ ಎಂದೇನಿಲ್ಲ. ಕೆಲವು ಪಾಲಿಸಿಗಳಲ್ಲಿ ವಾಪಸಾತಿಯ ಲೆಕ್ಕ ದಿನಕ್ಕೆ ಇಷ್ಟು ಎಂದು ಸರಿಯಾಗಿ ಇರುತ್ತದೆ. ಇದು ಪ್ರೊರೇಟಾ. ಇನ್ನು ಕೆಲವದರಲ್ಲಿ ನಡುವೆ ಬಿಟ್ಟುಹೋದವರಿಗೆ ದಂಡದಂತೆ ಕಡಿಮೆ ಕೊಡುವ ಅಲ್ಪಾವಧಿ ದರಪಟ್ಟಿ ಇರುತ್ತದೆ. ಅದರಲ್ಲಿ ಐದು ತಿಂಗಳು ಬಾಕಿ ಇದ್ದರೂ ಮೂರೇ ತಿಂಗಳಿನ ಹಣ ಬರಬಹುದು. ಆ ವರ್ಷ ಕ್ಲೇಮ್ ಮಾಡಿದ್ದರೆ ಏನೂ ಬಾರದೆಯೂ ಇರಬಹುದು.

ಹೀಗಾಗಿ ಕೈಯಲ್ಲಿ ಹಣ ಬಿಗಿಯಾಗಿದ್ದಾಗ ಎಂಡಾರ್ಸ್‌ಮೆಂಟ್ ದಾರಿಯನ್ನೇ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಒಟ್ಟು ಖರ್ಚು ಎಷ್ಟೆಂಬುದರ ಜೊತೆಗೆ ಈ ವಾರ ಎಷ್ಟು ಹೊಂದಿಸಬೇಕು ಎಂಬುದೂ ಬಡಕುಟುಂಬಕ್ಕೆ ದೊಡ್ಡ ಪ್ರಶ್ನೆ. 125 ಹೊಂದಿಸುವುದಕ್ಕೂ 1,500 ಹೊಂದಿಸುವುದಕ್ಕೂ ಅಜಗಜಾಂತರ.

ಆದರೆ ಎಂಡಾರ್ಸ್‌ಮೆಂಟ್ ಎಲ್ಲ ಸಲವೂ ಅಗ್ಗವಲ್ಲ. ನೀವು ಬೇರೆಡೆ ಹೋಗಲಾರಿರಿ ಎಂದು ಗೊತ್ತಿರುವ ಕಂಪನಿ ವರ್ಷದ ನಡುವೆ ಕೊಡುವ ದರ, ಹೊಸ ಗ್ರಾಹಕನಿಗೆ ಕೊಡುವ ದರದಷ್ಟು ಉದಾರವಾಗಿರಬೇಕೆಂದಿಲ್ಲ. ಪಾಲಿಸಿ ಮುಗಿಯಲು ತಿಂಗಳೋ ಒಂದೂವರೆ ತಿಂಗಳೋ ಬಾಕಿ ಇದ್ದರೆ ಶುಲ್ಕ ಕೊಟ್ಟು ತಿದ್ದುಪಡಿ ಮಾಡಿಸಿ ಮತ್ತೆ ನವೀಕರಣಕ್ಕೆ ಹಣ ಹೊಂದಿಸುವ ಬದಲು ನೇರವಾಗಿ ಹೊಸದನ್ನೇ ಕೊಳ್ಳುವುದು ಮೇಲಾಗಬಹುದು. ಇನ್ನೊಂದು ಕಡೆ, ಪಾಲಿಸಿಯನ್ನು ನಡುವೆ ಮುರಿದರೆ ಆ ವರ್ಷದ ಕ್ಲೇಮ್ ರಹಿತ ಲೆಕ್ಕವೂ ಮುರಿಯುವ ಸಾಧ್ಯತೆ ಇದೆ. ಹತ್ತು ತಿಂಗಳು ಕಳೆದಿದ್ದರೆ ಇನ್ನೆರಡು ತಿಂಗಳಿಗಾಗಿ ಒಂದಿಡೀ ವರ್ಷದ ರಿಯಾಯಿತಿ ಬಿಟ್ಟುಕೊಡುತ್ತಿದ್ದೀರಾ ಎಂದು ನೋಡಿಕೊಳ್ಳಬೇಕು. ಎರಡೂ ಕಡೆಯ ಲೆಕ್ಕವನ್ನು ಬರಹದಲ್ಲಿ ತರಿಸಿಕೊಂಡು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡುವುದಕ್ಕೆ ಅರ್ಧ ಗಂಟೆ ಸಾಕು.

ನಿಯಮಗಳ ಸಣ್ಣ ಅಕ್ಷರ ಇಲ್ಲಿಯೂ ಅಡ್ಡ ಬರುತ್ತದೆ. ಭಾರತದ 2002ರ ಮೋಟಾರು ಟ್ಯಾರಿಫ್ ನಿಯಮಾವಳಿ ವಾಹನ ಬದಲಾವಣೆಗೆ ಅವಕಾಶ ಕೊಡುತ್ತದೆ. ಬದಲಿ ವಾಹನವೂ ಅದೇ ವರ್ಗದ್ದಾಗಿರಬೇಕು, ಉಳಿದ ಅವಧಿಗೆ ಪ್ರೀಮಿಯಂ ವ್ಯತ್ಯಾಸವನ್ನು ಪ್ರೊರೇಟಾ ಲೆಕ್ಕದಲ್ಲಿ ಸರಿಹೊಂದಿಸಬೇಕು. ಆದರೆ ಹಳೆಯ ಕಾರು ಪೂರ್ತಿ ನಾಶವಾಗಿರದಿದ್ದರೆ, ಅದಕ್ಕೆ ಬೇರೆ ವಿಮೆ ಮುಂದುವರಿದಿದೆ ಎಂಬ ಪುರಾವೆಯನ್ನು ಮೊದಲು ಒಪ್ಪಿಸಬೇಕು. ಕಾರಣ ಸರಳ. ರಸ್ತೆಯಲ್ಲಿ ಓಡುವ ಗಾಡಿಯೊಂದರ ಥರ್ಡ್ ಪಾರ್ಟಿ ರಕ್ಷಣೆಯನ್ನು ಯಾರೂ ಸದ್ದಿಲ್ಲದೆ ಕಿತ್ತುಕೊಳ್ಳಬಾರದು. ಅಂದರೆ ನಿಮ್ಮ ಹಳೆಯ ಕಾರನ್ನು ಕೊಂಡವನು ತನ್ನ ವಿಮೆ ಮಾಡಿಸಿಕೊಳ್ಳುವವರೆಗೂ ನಿಮ್ಮ ಕೆಲಸ ನಿಂತಿರಬಹುದು. ಮಾರಾಟದ ಮಾತುಕತೆಯಲ್ಲೇ, ಹೆಸರು ಬದಲಾವಣೆಯ ಜೊತೆಗೆ ವಿಮೆಯ ಪ್ರತಿಯನ್ನೂ ಕೊಡಬೇಕು ಎಂದು ಅವನಿಂದ ಒಪ್ಪಿಗೆ ಪಡೆಯುವುದು ಇದಕ್ಕೇ.

ಹಳೆಯ ಕಾರು ಅಪಘಾತದಲ್ಲಿ ಪೂರ್ತಿ ಹಾಳಾಗಿದ್ದರೆ ವಿಷಯ ಇನ್ನಷ್ಟು ಸೂಕ್ಷ್ಮ. ಕಂಪನಿ ಕಾರಿನ ಪೂರ್ತಿ ಬೆಲೆ ಕೊಟ್ಟಿತೆಂದರೆ ಆ ಪಾಲಿಸಿ ತನ್ನ ಕೆಲಸ ಮುಗಿಸಿತು ಎಂದು ಹಲವು ಕಡೆ ಪರಿಗಣಿಸುತ್ತಾರೆ. ಉಳಿದ ತಿಂಗಳುಗಳ ಪ್ರೀಮಿಯಂ ವಾಪಸು ಬರುವುದಿಲ್ಲ. ಕಂತಿನಲ್ಲಿ ಕಟ್ಟುತ್ತಿದ್ದವರಿಗೆ ಇಲ್ಲಿ ಆಘಾತ ಕಾದಿರುತ್ತದೆ. ಬಾಕಿ ಕಂತುಗಳನ್ನೆಲ್ಲ ಪರಿಹಾರದ ಮೊತ್ತದಿಂದಲೇ ಮುರಿದುಕೊಂಡು ಉಳಿದದ್ದನ್ನು ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಸಾಮಾನ್ಯ. ಬದಲಿ ಕಾರಿಗೆ ಇಷ್ಟು ಹಣ ಬರುತ್ತದೆ ಎಂದು ನಂಬಿಕೊಂಡವರ ಕೈಗೆ ಅದಕ್ಕಿಂತ ಕಡಿಮೆ ಬಂದು ಸೇರುತ್ತದೆ. ಹೀಗಾಗಿ ಪರಿಹಾರಕ್ಕೆ ಒಪ್ಪಿ ಸಹಿ ಹಾಕುವ ಮುನ್ನವೇ, ಉಳಿದ ಅವಧಿಗೆ ಬೇರೆ ಕಾರನ್ನು ಇದೇ ಪಾಲಿಸಿಗೆ ಸೇರಿಸಲು ಬಿಡುತ್ತೀರಾ, ಅದಕ್ಕೆ ಎಷ್ಟು ದಿನ ಸಮಯ ಕೊಡುತ್ತೀರಿ ಎಂದು ಕೇಳಬೇಕು. ಸಹಿ ಬಿದ್ದ ಮೇಲೆ ಕೇಳಿದರೆ ಉತ್ತರ ಬೇರೆಯಾಗಿರುತ್ತದೆ.

ಎರಡು ಕಾರುಗಳ ನಡುವಿನ ಗಂಟೆಗಳು

ಅತಿ ದೊಡ್ಡ ಅಪಾಯ ಇರುವುದು ಅತಿ ಚಿಕ್ಕ ಅವಧಿಯಲ್ಲಿ. ಹೊಸ ಕಾರಿನ ಹಣ ಕೊಟ್ಟು, ಕೀಲಿ ತೆಗೆದುಕೊಂಡು, ಮಾರಿದವನ ಮನೆಯಿಂದ ನಿಮ್ಮ ಮನೆಗೆ ಓಡಿಸಿಕೊಂಡು ಬರುವ ದಾರಿ. ಕಾರು ಆಗಲೇ ನಿಮ್ಮದಾಗಿದೆ, ವಿಮೆ ಇನ್ನೂ ಹಳೆಯ ಕಾರಿನ ಹೆಸರಲ್ಲಿದೆ. ಆ ದಾರಿಯಲ್ಲಿ ಒಬ್ಬರಿಗೆ ಪೆಟ್ಟಾದರೆ, ಪರಿಹಾರದ ಹೊರೆ ಜೀವಮಾನವಿಡೀ ನಿಮ್ಮ ಮೇಲೆ ಬೀಳಬಹುದು. ಹಣವಿಲ್ಲದವನಿಗೆ ಇದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

'ನಾಳೆ ಹೇಳಿದರಾಯಿತು, ಕೆಲವು ದಿನ ಬಿಡುವು ಇರುತ್ತದಂತೆ' ಎಂಬ ಮಾತು ಕೇಳಿಬರುತ್ತದೆ. ಬಿಡುವು ಇರುವುದು ಹೌದು, ಆದರೆ ಎಲ್ಲ ಕಡೆ ಇಲ್ಲ, ಇದ್ದಲ್ಲಿಯೂ ಅದಕ್ಕೆ ಷರತ್ತುಗಳುಂಟು. ಅಮೆರಿಕದ ಇನ್ಶೂರೆನ್ಸ್ ಸರ್ವಿಸಸ್ ಆಫೀಸ್ ಸಂಸ್ಥೆಯ ಮಾದರಿ ಪಾಲಿಸಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹಳೆಯ ಕಾರಿನ ಬದಲಿಗೆ ಕೊಂಡ ಕಾರಿಗೆ ಥರ್ಡ್ ಪಾರ್ಟಿ ಹೊಣೆಯ ರಕ್ಷಣೆ, ಕೊಂಡ ದಿನದಿಂದಲೇ, ಕೇಳದೆಯೇ ಸಿಗುತ್ತದೆ. ಆದರೆ ಸ್ವಂತ ಕಾರಿನ ಹಾನಿಗೆ ರಕ್ಷಣೆ ಬೇಕಾದರೆ 14 ದಿನದೊಳಗೆ ತಿಳಿಸಬೇಕು. ಹಳೆಯ ಕಾರಿಗೆ ಆ ಭಾಗ ಇಲ್ಲದೇ ಇದ್ದರೆ ಬರೀ 4 ದಿನ. ಕಂಪನಿ ಬದಲಾದರೆ ಈ ದಿನಗಳೂ ಬದಲಾಗುತ್ತವೆ. ಬ್ರಿಟನ್ನಿನಲ್ಲಿ ಇಂಥ ಬಿಡುವನ್ನು ನಂಬುವಂತೆಯೇ ಇಲ್ಲ. ಅಲ್ಲಿ ಇನ್ನೊಂದು ಗುಂಡಿ ಇದೆ. ಕೆಲವು ಪಾಲಿಸಿಗಳಲ್ಲಿ 'ಬೇರೆಯವರ ಕಾರನ್ನು ಓಡಿಸುವಾಗಲೂ ಥರ್ಡ್ ಪಾರ್ಟಿ ರಕ್ಷಣೆ' ಎಂಬ ಸಾಲು ಇರುತ್ತದೆ. ಹೊಸದಾಗಿ ಕೊಂಡ ಕಾರನ್ನು ಅದರ ಬಲದ ಮೇಲೆ ಮನೆಗೆ ತರಬಹುದು ಎಂದು ಭಾವಿಸುತ್ತಾರೆ. ಆ ಸಾಲು ಬೇರೆಯವರ ಕಾರಿಗೆ ಮಾತ್ರ. ಹಣ ಕೊಟ್ಟ ಕ್ಷಣಕ್ಕೆ ಆ ಕಾರು ಬೇರೆಯವರದಾಗಿ ಉಳಿಯುವುದಿಲ್ಲ.

ಜರ್ಮನಿ ಈ ಕಂದಕವನ್ನು ಜಾಣತನದಿಂದ ಮುಚ್ಚಿದೆ. ವಿಮಾ ಕಂಪನಿ ಕೊಡುವ ಏಳು ಅಕ್ಷರಾಂಕಗಳ ದೃಢೀಕರಣ ಸಂಕೇತ ಇಲ್ಲದೆ ಅಲ್ಲಿ ಕಾರಿನ ನೋಂದಣಿಯೇ ಆಗುವುದಿಲ್ಲ. ಮೊದಲು ವಿಮೆ, ಆಮೇಲೆ ಕಾರು. ನಿಮ್ಮ ದೇಶದ ಕಾನೂನು ಹೀಗೆ ಒತ್ತಾಯಿಸದಿದ್ದರೂ ನಿಮಗೆ ನೀವೇ ಈ ನಿಯಮ ಹಾಕಿಕೊಳ್ಳುವುದು ಒಳ್ಳೆಯದು.

ಆಚರಣೆಯಲ್ಲಿ ಹೀಗೆ: ಕಾರು ಗೊತ್ತಾದ ತಕ್ಷಣ ಅದರ ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆಯನ್ನು ಬರೆದುಕೊಳ್ಳಿ. ಕಂಪನಿಗೆ ಫೋನ್ ಮಾಡಿ ದರ ಕೇಳಿ. ಒಪ್ಪಿಗೆಯಾದರೆ ಕಾರು ಪಡೆಯುವ ದಿನ, ಗಂಟೆ ಹೇಳಿ ಆ ಹೊತ್ತಿನಿಂದ ರಕ್ಷಣೆ ಶುರುವಾಗುವಂತೆ ಬರಹದಲ್ಲಿ ದೃಢೀಕರಣ ತರಿಸಿಕೊಳ್ಳಿ. ಆಮೇಲೆ ಹಣ ಕೊಡಿ. ಹಳೆಯ ಕಾರು ಇನ್ನೂ ಮಾರಾಟವಾಗದೆ ಮನೆಮುಂದೆ ನಿಂತಿದ್ದರೆ ಅದಕ್ಕೂ ಕೆಲವು ದಿನ ವಿಮೆ ಬೇಕಾಗುತ್ತದೆ. ನೋಡಲು ಬಂದವರು ಅದನ್ನು ಓಡಿಸಿ ನೋಡುತ್ತಾರಲ್ಲ. ನಿಂತ ಕಾರಿಗೂ ವಿಮೆ ಇರಬೇಕು ಎಂಬ ನಿಯಮ ಬ್ರಿಟನ್ನಿನಲ್ಲಿ 2011ರಿಂದ ಇದೆ. ರಸ್ತೆಗೆ ಇಳಿಸುವುದಿಲ್ಲ ಎಂದು ಸರ್ಕಾರಕ್ಕೆ ಬರೆದುಕೊಟ್ಟ ಕಾರಿಗೆ ಮಾತ್ರ ವಿನಾಯಿತಿ. ಕೆಲವು ಕಂಪನಿಗಳು ಎರಡೂ ಕಾರುಗಳನ್ನು ಒಂದು ವಾರವೋ ಹತ್ತು ದಿನವೋ ಒಂದೇ ಪಾಲಿಸಿಯಲ್ಲಿ ಇಟ್ಟುಕೊಳ್ಳಲು ಚಿಕ್ಕ ಮೊತ್ತಕ್ಕೆ ಒಪ್ಪುತ್ತವೆ. ಕೇಳಿ ನೋಡಬೇಕು.

ಎಲ್ಲಿ ಕತ್ತರಿಸಬಹುದು, ಎಲ್ಲಿ ಬಾರದು

ಪ್ರೀಮಿಯಂ ಕಡಿಮೆ ಮಾಡುವ ಅತ್ಯುತ್ತಮ ಅವಕಾಶ ಕಾರು ಕೊಳ್ಳುವ ಮೊದಲೇ ಕಳೆದುಹೋಗುತ್ತದೆ. ಒಂದೇ ಬೆಲೆಯ ಎರಡು ಹಳೆಯ ಕಾರುಗಳಿಗೆ ವಿಮೆಯ ದರ ಬಹಳ ವ್ಯತ್ಯಾಸವಾಗಬಹುದು. ಇಂಜಿನ್ನಿನ ಸಾಮರ್ಥ್ಯ, ಬಿಡಿಭಾಗಗಳ ಬೆಲೆ, ಆ ಮಾದರಿ ಎಷ್ಟು ಕಳುವಾಗುತ್ತದೆ, ಅದನ್ನು ಓಡಿಸುವವರು ಎಷ್ಟು ಅಪಘಾತ ಮಾಡುತ್ತಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಬಂಪರ್‌ನಲ್ಲಿ ಸೆನ್ಸರ್, ಗಾಜಿನಲ್ಲಿ ಕ್ಯಾಮೆರಾ ಇರುವ ಕಾರಿಗೆ ಸಣ್ಣ ಗುದ್ದೂ ದೊಡ್ಡ ಬಿಲ್ಲಾಗುತ್ತದೆ. ಜರ್ಮನಿಯಲ್ಲಿ ಪ್ರತಿ ಮಾದರಿಗೂ ಹೀಗೆ ಒಂದು ವರ್ಗಸಂಖ್ಯೆ ಕೊಟ್ಟಿರುತ್ತಾರೆ. ಥರ್ಡ್ ಪಾರ್ಟಿ ಭಾಗಕ್ಕೆ ಅದು 10ರಿಂದ 25ರವರೆಗೆ ಇರುತ್ತದೆ. ನೋಡಿಟ್ಟ ಎರಡು ಮೂರು ಕಾರುಗಳಿಗೂ ದರ ಕೇಳಿ, ಬೆಲೆಗೆ ಕನಿಷ್ಠ ಎರಡು ವರ್ಷದ ವಿಮೆಯನ್ನು ಸೇರಿಸಿ ಹೋಲಿಸಿದರೆ, ಅಗ್ಗ ಅನ್ನಿಸಿದ್ದ ಕಾರು ಅಗ್ಗವಲ್ಲ ಎಂದು ಕೆಲವೊಮ್ಮೆ ತಿಳಿಯುತ್ತದೆ.

ಕಾರು ಕೊಂಡಾಗಿದ್ದರೆ ಮುಂದಿನ ಪ್ರಶ್ನೆ ಓನ್ ಡ್ಯಾಮೇಜ್ ಭಾಗದ್ದು. ಥರ್ಡ್ ಪಾರ್ಟಿ ಭಾಗವನ್ನು ಮುಟ್ಟುವ ಮಾತೇ ಬೇಡ. ಅಲ್ಲಿ ಉಳಿಸುವುದು ಇನ್ನೊಬ್ಬರ ಜೀವದ ಜೊತೆ ಆಡಿದಂತೆ. ಆದರೆ ಹಳೆಯ ಕಾರಿಗೆ ಸ್ವಂತ ಹಾನಿಯ ವಿಮೆ ಲಾಭವೋ ಎಂದು ಧೈರ್ಯವಾಗಿ ಲೆಕ್ಕ ಹಾಕಬಹುದು. ಕಾರಿನ ಮಾರುಕಟ್ಟೆ ಬೆಲೆ 1,000 ಇದೆ ಎನ್ನಿ. ಕ್ಲೇಮ್ ಬಂದಾಗ ನೀವು ಮೊದಲು ಹಾಕಬೇಕಾದ ಡಿಡಕ್ಟಿಬಲ್ 200. ಹಾಗಾದರೆ ಕಾರು ಪೂರ್ತಿ ಹೋದರೂ ನಿಮಗೆ ಬರುವುದು ಹೆಚ್ಚೆಂದರೆ 800. ಈ 800ರ ಆಸರೆಗೆ ವರ್ಷಕ್ಕೆ 40 ಕೊಡುವುದು ಸರಿ ಅನ್ನಿಸಬಹುದು, 120 ಕೊಡುವುದು ಕಷ್ಟ. ಆದರೂ ಈ ಲೆಕ್ಕಕ್ಕೆ ಒಂದು ಮಾತು ಸೇರಿಸಲೇಬೇಕು. ಕಾರು ಹೋದರೆ ಇನ್ನೊಂದನ್ನು ಕೊಳ್ಳಲು ಏನೂ ಇಲ್ಲದವನಿಗೆ, ಕೆಲಸಕ್ಕೆ ಹೋಗಲು ಅದೇ ಕಾರು ಆಧಾರವಾದವನಿಗೆ, ಆ 800 ಬರೀ 800 ಅಲ್ಲ. ಉಳಿತಾಯದ ಹಣ ಇರುವವನು ಈ ಭಾಗವನ್ನು ನಿಶ್ಚಿಂತೆಯಿಂದ ಬಿಡಬಹುದು. ಇಲ್ಲದವನಿಗೆ ಅಷ್ಟು ಸುಲಭವಲ್ಲ. ಬಡವನಿಗೆ ವಿಮೆ ಹೆಚ್ಚು ಭಾರ, ಹೆಚ್ಚು ಅಗತ್ಯವೂ ಹೌದು.

ಡಿಡಕ್ಟಿಬಲ್ ಹೆಚ್ಚಿಸಿದರೆ ಪ್ರೀಮಿಯಂ ಇಳಿಯುತ್ತದೆ. 100ರಿಂದ 300ಕ್ಕೆ ಏರಿಸಿದಾಗ ವರ್ಷಕ್ಕೆ 20 ಉಳಿಯುತ್ತದೆ ಎಂದಾದರೆ, ಹತ್ತು ವರ್ಷ ಕ್ಲೇಮ್ ಇಲ್ಲದೆ ಓಡಿಸಿದಾಗ ಮಾತ್ರ ಸಮನಾಗುತ್ತದೆ. ವರ್ಷಕ್ಕೆ 80 ಉಳಿದರೆ ಎರಡೂವರೆ ವರ್ಷ ಸಾಕು. ಮೊದಲನೆಯದು ಬೇಡ, ಎರಡನೆಯದು ಯೋಚಿಸತಕ್ಕದ್ದು. ಅದೂ ಆ 300 ನಿಮ್ಮ ಬಳಿ ನಿಜವಾಗಿ ಎತ್ತಿಟ್ಟಿದ್ದರೆ.

ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿ ಎಲ್ಲ ಕಡೆಯೂ ಅಗ್ಗ ಎಂದು ನಂಬಬೇಡಿ. ದರವನ್ನು ಸರ್ಕಾರ ನಿಗದಿ ಮಾಡುವಲ್ಲಿ ಅದು ಅಗ್ಗವೇ. ಕಂಪನಿಗಳೇ ನಿಗದಿ ಮಾಡುವ ಬ್ರಿಟನ್ನಿನಂಥ ಕಡೆ ಅದು ಎರಡೂ ಭಾಗ ಸೇರಿದ ಸಮಗ್ರ ವಿಮೆಗಿಂತ ದುಬಾರಿಯಾಗುವುದೂ ಉಂಟು. ಕಡಿಮೆ ರಕ್ಷಣೆ ಕೇಳುವವರಲ್ಲಿ ಹೆಚ್ಚು ಅಪಘಾತ ಮಾಡುವ ಚಾಲಕರೇ ಅಧಿಕ ಎಂದು ಕಂಪನಿಗಳ ಲೆಕ್ಕ ಹೇಳುತ್ತದೆ. ಆ ಗುಂಪಿಗೆ ಸೇರಿದ ಎಚ್ಚರಿಕೆಯ ಚಾಲಕನೂ ಅದೇ ದರ ಕಟ್ಟುತ್ತಾನೆ. ಎರಡಕ್ಕೂ ದರ ಕೇಳಿಯೇ ನಿರ್ಧರಿಸಬೇಕು.

ಬದಲಿ ಕಾರನ್ನು ಸಾಲದಲ್ಲಿ ಕೊಂಡಿದ್ದರೆ ಈ ಸ್ವಾತಂತ್ರ್ಯ ಇರುವುದಿಲ್ಲ. ಸಾಲ ತೀರುವವರೆಗೆ ಸಮಗ್ರ ವಿಮೆ ಇರಲೇಬೇಕೆಂದು ಸಾಲ ಕೊಟ್ಟವರು ಷರತ್ತು ಹಾಕಿರುತ್ತಾರೆ, ಪಾಲಿಸಿಯಲ್ಲಿ ಅವರ ಹೆಸರೂ ನಮೂದಾಗಬೇಕು. ಹಳೆಯ ಕಾರಿಗೆ ಸಾಲವಿಲ್ಲದೆ ಬರೀ ಥರ್ಡ್ ಪಾರ್ಟಿಯಲ್ಲಿ ಓಡಿಸಿದವರು ಹೊಸ ಕಾರಿನ ಕಂತಿನ ಜೊತೆಗೆ ಈ ಹೆಚ್ಚಳವನ್ನೂ ತಿಂಗಳ ಲೆಕ್ಕಕ್ಕೆ ಹಾಕಿಕೊಂಡಿರುವುದಿಲ್ಲ. ಪ್ರೀಮಿಯಂ ಅನ್ನು ತಿಂಗಳ ಕಂತಿನಲ್ಲಿ ಕಟ್ಟುವುದೂ ಹಲವು ಕಡೆ ಇನ್ನೊಂದು ಸಾಲವೇ. ಬಡ್ಡಿ ಎಷ್ಟು ಎಂದು ಕೇಳಿ.

ದರ ಇಳಿಸಲು ಸುಳ್ಳು ಹೇಳುವ ಆಸೆ ಬರುವುದು ಇಂಥ ಇಕ್ಕಟ್ಟಿನಲ್ಲೇ. ಕಾರನ್ನು ದಿನವೂ ಓಡಿಸುವವನು ಹದಿಹರೆಯ ದಾಟಿದ ಮಗ, ಆದರೆ ಮುಖ್ಯ ಚಾಲಕ ಎಂದು ಬರೆಸುವುದು ತಂದೆಯ ಹೆಸರು. ಬಾಡಿಗೆಗೆ ಓಡಿಸುವ ಕಾರನ್ನು ಸ್ವಂತ ಬಳಕೆ ಎನ್ನುವುದು. ಗ್ಯಾಸ್ ಕಿಟ್ ಹಾಕಿಸಿದ್ದನ್ನು ಹೇಳದಿರುವುದು. ವರ್ಷಗಟ್ಟಲೆ ಇದು ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಕ್ಲೇಮ್ ಹಾಕಿದಾಗ, ಹಣ ಅತ್ಯಂತ ಬೇಕಾದ ದಿನ. ಕಟ್ಟಿದ ಅಷ್ಟೂ ಪ್ರೀಮಿಯಂ ಆ ದಿನ ನೀರಲ್ಲಿ ಹೋಗುತ್ತದೆ. ಇದಕ್ಕಿಂತ, ನಿಜವನ್ನೇ ಹೇಳಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿ ತಿಳಿಸಿ. ಕಡಿಮೆ ಓಡಿಸುವವರಿಗೆ ಓಡಿಸಿದಷ್ಟಕ್ಕೇ ಕಟ್ಟುವ ಪಾಲಿಸಿಗಳೂ ಈಗ ಹಲವು ಕಡೆ ಸಿಗುತ್ತವೆ. ಹಳೆಯ ಪಾಲಿಸಿಯಲ್ಲಿ ಸೇರಿಸಿಕೊಂಡಿದ್ದ ಹೆಚ್ಚುವರಿ ರಕ್ಷಣೆಗಳು ಹೊಸ ಕಾರಿಗೂ ತಾವಾಗಿ ದಾಟಿರಬಹುದು. ಬೇಡವಾದ್ದನ್ನು ತೆಗೆಸಲು ಇದೇ ಸಮಯ.

ಹೊಸ ಎಂಡಾರ್ಸ್‌ಮೆಂಟ್ ಅಥವಾ ಪಾಲಿಸಿ ಕೈಗೆ ಬಂದ ದಿನ ಅದನ್ನು ಕಾರಿನ ಪಕ್ಕದಲ್ಲಿ ನಿಂತು ಓದಿ. ಚಾಸಿ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಲೋಹದ ಮೇಲಿರುವುದಕ್ಕೆ ಹೋಲಿಸಿ. ಒಂದು ಅಂಕಿ ತಪ್ಪಿದ್ದರೂ ಅಂದೇ ತಿದ್ದಿಸಿ. ರಕ್ಷಣೆ ಶುರುವಾದ ದಿನಾಂಕ ಕಾರು ಪಡೆದ ದಿನಾಂಕದ ನಂತರದ್ದಲ್ಲ ಎಂದು ನೋಡಿ. ಬೋನಸ್ಸಿನ ಶೇಕಡಾವಾರು ಹಳೆಯ ಪಾಲಿಸಿಯಲ್ಲಿ ಗಳಿಸಿದಷ್ಟೇ ಇದೆಯೇ ನೋಡಿ. ಹಳೆಯ ಕಾರು ಮಾರಿದ ರಸೀತಿ, ಹೆಸರು ಬದಲಾವಣೆಗೆ ಕೊಟ್ಟ ಅರ್ಜಿಯ ಪ್ರತಿ, ಕೊಂಡವನು ಮಾಡಿಸಿದ ವಿಮೆಯ ಪ್ರತಿ, ಇವು ಮೂರನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ. ದಾಖಲೆಯಲ್ಲಿ ಹೆಸರು ಬದಲಾಗದ ಹಳೆಯ ಕಾರು ಎಲ್ಲೋ ಅಪಘಾತ ಮಾಡಿದರೆ ನೋಟಿಸು ಬರುವುದು ನೋಂದಣಿಯಲ್ಲಿ ಹೆಸರಿರುವವನ ಮನೆಗೆ. ಆಗ ತೋರಿಸಲು ಇರುವುದು ಆ ಮೂರು ಕಾಗದಗಳೇ.